ಗಂಗಾವತಿಯಿಂದ ಹೊರದೇಶಕ್ಕ ಆರ್ಟ್ ಪ್ರಿಂಟ್ ಕಳಿಸೋದು: ಪ್ಯಾಕಿಂಗ್, ಕಸ್ಟಮ್ಸ್, ಇನ್ಶೂರೆನ್ಸ್ ಎಲ್ಲಾ ಒಂದ್ಕಡೆ

ಹೋದ ವಾರ ಕೊಪ್ಪಳದಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. "ಅಕ್ಕಾರ, ಹಂಪಿ ನೋಡಾಕ ಬಂದಿದ್ದ ಫ್ರಾನ್ಸಿನವ್ರು ನನ್ನ ಪ್ರಿಂಟ್ ಮೂರು ಬೇಕಂದಾರ್ರಿ, ರೊಕ್ಕಾನೂ ಹಾಕ್ಯಾರ, ಕೊರಿಯರ್ ಅಂಗಡ್ಯಾಗ ಕೇಳಿದ್ರ ಗಿಫ್ಟ್ ಅಂತ ಬರೀರಿ, ರೇಟು ಕಡಿಮಿ ಹಾಕ್ರಿ, ತಲಿಬಿಸಿ ಇರಂಗಿಲ್ಲ ಅಂತಾರ್ರಿ" ಅಂದ. ಬರೀಬ್ಯಾಡ ತಮ್ಮಾ, ಪೆನ್ನು ಕೆಳಗಿಡು ಅಂದೆ.

ಯಾಕಂದ್ರ ಅದನ್ನ ನಾನು ಮಾಡಿ ನೋಡೀನಿ. ಮೂರು ವರ್ಷದ ಹಿಂದ ಜರ್ಮನಿಗೆ ಎರಡು ಲಿನೋಕಟ್ (ಲಿನೋಲಿಯಂ ಹಾಳಿ ಕೊರೆದು ಬ್ಲಾಕ್ ಮಾಡಿ, ಮಸಿ ಹಚ್ಚಿ ಕಾಗದಕ್ಕ ಒತ್ತಿ ತೆಗೆಯೋ ಪ್ರಿಂಟ್) ಕಳಿಸಿದ್ದೆ, ಆನೆಗೊಂದಿ ಕಡೆಯಿಂದ ಕಾಣೋ ಬಂಡಿಗಲ್ಲು, ಹರಿಗೋಲು, ಎರಡೂ ಸೇರಿ 14,000 ರೂಪಾಯಿ. ಪಾರ್ಸಲ್ ತಗೊಂಡವ್ರು ಗಿಫ್ಟ್, ಬೆಲೆ 500 ಅಂತ ತುಂಬಿದ್ರು, ನಾನೂ ಸುಮ್ಮನ ಸೈನ್ ಹಾಕಿದೆ. ಟ್ಯೂಬು ದಾರ್ಯಾಗ ಎಲ್ಲೋ ಕಳೀತು. ಕ್ಲೇಮ್ ಹಾಕಿದ್ರ ಬಂದದ್ದು 500 ರೂಪಾಯಿ, ನೀವೇ ಬರ್ದೀರಲ್ರಿ ಅಂದ್ರು, ಅವ್ರ ಮಾತು ತಪ್ಪಲ್ಲ, ಸೈನ್ ನಂದೇ. ಗಿರಾಕಿಗೆ 14,000 ವಾಪಸ್ ಕೊಟ್ಟೆ. ಆ ಬ್ಲಾಕ್ ಕೊರಿಯಾಕ ನನಗ ಒಂದು ತಿಂಗಳು ಹಿಡಿದಿತ್ತು, ಆ ಎಡಿಷನ್ನಿನ (ಇಷ್ಟೇ ಅಂತ ಎಣಿಸಿ, ನಂಬರ್ ಹಾಕಿ ತೆಗೆಯೋ ಪ್ರತಿಗಳು) ಆ ಎರಡು ನಂಬರ್ ಇನ್ನೊಮ್ಮೆ ಹುಟ್ಟಂಗಿಲ್ಲ.

ಅದಕ್ಕ ಈ ಲೇಖನದಾಗ ಎಲ್ಲಾದಕ್ಕಿಂತ ಮೊದಲ ಹೇಳೋದು ಇದು: ಪಾರ್ಸಲ್ ಮ್ಯಾಲಿನ ಕಾಗದದಾಗ ನೀವು ಏನು ಬರೀತೀರೋ ಅದೇ ನಿಮ್ಮ ಮಾಲು. ಕಸ್ಟಮ್ಸ್‌ನವ್ರು ಓದೋದು ಅದನ್ನ, ಇನ್ಶೂರೆನ್ಸ್‌ನವ್ರು ಓದೋದೂ ಅದನ್ನ, ಬ್ಯಾಂಕಿನವ್ರು ರೊಕ್ಕಕ್ಕ ತಾಳೆ ನೋಡೋದೂ ಅದನ್ನ. ಮೂರು ಕಡೆ ಒಂದೇ ಬೆಲೆ, ಒಂದೇ ಹೆಸರು ಇರಬೇಕು.

ಮೊದಲ ನಿಮ್ಮ ಪ್ರಿಂಟ್ ಯಾವ ಜಾತಿದು ಅಂತ ಗೊತ್ತು ಮಾಡ್ಕೊಳ್ರಿ

ನಾವು ಎಲ್ಲಾದಕ್ಕೂ ಪ್ರಿಂಟ್ ಅಂತೀವಿ, ಕಸ್ಟಮ್ಸ್ ಹಂಗ ಅನ್ನಂಗಿಲ್ಲ. ಕೈಲೆ ಬಿಡಿಸಿದ ಪೇಂಟಿಂಗ್, ಡ್ರಾಯಿಂಗ್ ಆದ್ರ ಎಚ್‌ಎಸ್ ಕೋಡ್ (ಯಾವ ಮಾಲು ಅಂತ ಕಸ್ಟಮ್ಸ್‌ನವ್ರು ಗುರುತಿಸೋ ನಂಬರ್) 9701. ಕಲಾವಿದರು ತಾವೇ ಕೈಲೆ ಕೊರೆದ ಬ್ಲಾಕು, ಪ್ಲೇಟು, ಕಲ್ಲಿನಿಂದ ನೇರವಾಗಿ ತೆಗೆದ ಪ್ರಿಂಟ್, ಅಂದ್ರ ಲಿನೋಕಟ್, ವುಡ್‌ಕಟ್, ಎಚಿಂಗ್, ಲಿಥೋಗ್ರಾಫ್, ಇವೆಲ್ಲಾ ಒರಿಜಿನಲ್ ಪ್ರಿಂಟ್ ಅಂತ 9702ಕ್ಕ ಬರ್ತಾವ. ಸ್ಕ್ಯಾನ್ ಮಾಡಿ ಇಂಕ್‌ಜೆಟ್‌ನಾಗ ತೆಗೆದದ್ದು, ಆಫ್‌ಸೆಟ್ ಪೋಸ್ಟರ್, ಫೋಟೋ ಪ್ರಿಂಟ್, ಇವು 4911.91. ನೀವು ಎಷ್ಟೇ ಚೊಲೋ ಕಾಟನ್ ಪೇಪರ್ ಮ್ಯಾಲೆ ತೆಗೀರಿ, ನಂಬರ್ ಹಾಕ್ರಿ, ಸೈನ್ ಮಾಡ್ರಿ, ಮಷಿನ್‌ನಾಗ ಬಂದದ್ದು 9702 ಆಗಂಗಿಲ್ಲ, ಮೆಕ್ಯಾನಿಕಲ್ ಮತ್ತ ಫೋಟೋಮೆಕ್ಯಾನಿಕಲ್ ವಿಧಾನದ್ದು ಸೇರಂಗಿಲ್ಲ ಅಂತ ಆ ಅಧ್ಯಾಯದಾಗ ಸ್ಪಷ್ಟ ಬರ್ದಾರ.

ಇದರಾಗ ಏನೈತಿ ಅಂತೀರಿ? ಗಿರಾಕಿ ಕಟ್ಟೋ ಟ್ಯಾಕ್ಸ್ ಇದರ ಮ್ಯಾಲೆ ಐತಿ. ಯುರೋಪ್, ಇಂಗ್ಲೆಂಡ್‌ನಾಗ ಎರಡಕ್ಕೂ ಕಸ್ಟಮ್ಸ್ ಡ್ಯೂಟಿ ಸೊನ್ನೆ, ಆದ್ರ ವ್ಯಾಟ್ ಬ್ಯಾರೆ ಬ್ಯಾರೆ. ಫ್ರಾನ್ಸ್‌ನಾಗ ಮಾಮೂಲಿ ವ್ಯಾಟ್ 20 ಪರ್ಸೆಂಟ್, ಒರಿಜಿನಲ್ ಕಲಾಕೃತಿ ಇಂಪೋರ್ಟ್ ಆದ್ರ 5.5. ಜರ್ಮನಿಯಾಗ 19 ಇದ್ದದ್ದು 7 ಆಗತೈತಿ, ಇಂಗ್ಲೆಂಡ್‌ನಾಗ 20 ಇದ್ದದ್ದು 5. ಕೈಲೆ ಕೊರೆದು ತೆಗೆದ ಪ್ರಿಂಟನ್ನ ಬರೇ ಪೋಸ್ಟರ್ ಅಂತ ಬರೆದ್ರ ಗಿರಾಕಿಗೆ ಲುಕ್ಸಾನು, ಡಿಜಿಟಲ್ ಪ್ರಿಂಟನ್ನ ಒರಿಜಿನಲ್ ಅಂತ ಬರೆದ್ರ ಅದು ಸುಳ್ಳು ಡಿಕ್ಲರೇಷನ್, ಅಲ್ಲಿ ಹಿಡಿದು ನಿಲ್ಲಿಸ್ತಾರ.

ಕೊಪ್ಪಳದ ಹುಡುಗಂದು ಡಿಜಿಟಲ್, ಹಂಗಾಗಿ 4911.91. ನಂದು ಲಿನೋಕಟ್, 9702.

ಕಾಗದಪತ್ರ

ಮಾರಾಟದ ಮಾಲು ಅಂದ ಮ್ಯಾಲೆ ಐಇಸಿ ಬೇಕು, ಇಂಪೋರ್ಟ್ ಎಕ್ಸ್‌ಪೋರ್ಟ್ ಕೋಡ್. ಡಿಜಿಎಫ್‌ಟಿ (ಕೇಂದ್ರ ಸರ್ಕಾರದ ವಿದೇಶ ವ್ಯಾಪಾರದ ಕಚೇರಿ) ವೆಬ್‌ಸೈಟ್‌ನಾಗ ಮನ್ಯಾಗ ಕುಂತು ಮಾಡಬಹುದು, ಫೀ 500 ರೂಪಾಯಿ, ಪ್ಯಾನ್ ಕಾರ್ಡು, ಬ್ಯಾಂಕಿನ ಕ್ಯಾನ್ಸಲ್ ಚೆಕ್ಕು, ವಿಳಾಸದ ದಾಖಲೆ ಇದ್ರ ಸಾಕು, ನಿಮ್ಮ ಪ್ಯಾನ್ ನಂಬರೇ ಐಇಸಿ ನಂಬರ್ ಆಗತೈತಿ. ಒಂದು ಮಾತು ನೆನಪಿಡ್ರಿ, ವರ್ಷಾ ಏಪ್ರಿಲ್‌ನಿಂದ ಜೂನ್ ಒಳಗ ಅದನ್ನ ಓಪನ್ ಮಾಡಿ ವಿವರ ಸರಿ ಅದಾವ ಅಂತ ಕನ್ಫರ್ಮ್ ಮಾಡಬೇಕು, ಏನೂ ಬದಲಾಗಿಲ್ಲಂದ್ರೂ ಮಾಡಬೇಕು, ಇಲ್ಲಂದ್ರ ಡಿಆಕ್ಟಿವೇಟ್ ಆಗತೈತಿ, ದೀಪಾವಳಿ ಹೊತ್ತಿಗೆ ಆರ್ಡರ್ ಬಂದಾಗ ಗೊತ್ತಾಗಿ ಒದ್ದಾಡಬೇಕಾಗತೈತಿ.

ಜಿಎಸ್‌ಟಿ ವಿಷಯ ನಿಮ್ಮ ಅಕೌಂಟೆಂಟ್ ಹತ್ರ ಕುಂತು ಮಾತಾಡ್ರಿ. ಎಕ್ಸ್‌ಪೋರ್ಟ್ ಝೀರೋ ರೇಟೆಡ್, ಅಂದ್ರ ಎಲ್‌ಯುಟಿ (ನಿಯಮದಂಗ ಎಕ್ಸ್‌ಪೋರ್ಟ್ ಮಾಡ್ತೀನಿ ಅಂತ ಬರೆದುಕೊಡೋ ಮುಚ್ಚಳಿಕೆ) ಕೊಟ್ರ ಟ್ಯಾಕ್ಸ್ ಕಟ್ಟಲಾರದ ಕಳಿಸಬಹುದು, ಆ ಎಲ್‌ಯುಟಿ ಪ್ರತಿ ಹಣಕಾಸು ವರ್ಷಕ್ಕ ಹೊಸದಾಗಿ ಹಾಕಬೇಕು. ಬ್ಯಾಂಕಿನಾಗ ರೊಕ್ಕ ಬಂದಾಗ ಪರ್ಪಸ್ ಕೋಡ್ ಕೇಳ್ತಾರ, ಮಾಲಿನ ಎಕ್ಸ್‌ಪೋರ್ಟ್ ಅಂತನ ಕೊಡ್ರಿ, ಮನಿ ಖರ್ಚಿಗೆ ಕಳಿಸಿದ್ದು ಅಂತ ಕೊಡಬ್ಯಾಡ್ರಿ. ರೊಕ್ಕ ಬಂದಿದ್ದಕ್ಕ ಬ್ಯಾಂಕ್ ಕೊಡೋ ಅಡ್ವೈಸ್ ಕಾಗದ ಇನ್‌ವಾಯ್ಸ್ ಜೋಡಿ ಪಿನ್ ಮಾಡಿ ಇಡ್ರಿ.

ನಮ್ಮ ಭಾಗದವರಿಗೆ ಇನ್ನೊಂದು ಮಾತು ಬೇಕಾಗತೈತಿ. ಹಂಪಿ, ಆನೆಗೊಂದಿ, ವಿರೂಪಾಕ್ಷ ಗುಡಿ ಮೇಲ್ಛಾವಣಿ ಚಿತ್ರ, ಕಿನ್ನಾಳ ಶೈಲಿ, ಹಿಂಗ ಹಳೇ ಕಾಲದ್ದು ಅನ್ಸೋ ವಸ್ತು ಚಿತ್ರದಾಗ ಇದ್ರ ಪಾರ್ಸಲ್ ನೋಡಿದವರಿಗೆ ಡೌಟ್ ಬರತೈತಿ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ 100 ವರ್ಷ ದಾಟಿದ ಕಲಾವಸ್ತು ದೇಶ ಬಿಟ್ಟು ಹೋಗಂಗಿಲ್ಲ, ಹಸ್ತಪ್ರತಿ ಆದ್ರ 75 ವರ್ಷ. ಅದಕ್ಕ ಇನ್‌ವಾಯ್ಸ್ ಮ್ಯಾಲೆ ಹೊಸ ಪ್ರಿಂಟ್, ಇಂಥಾ ವರ್ಷ ಮಾಡಿದ್ದು, ಪ್ರಾಚ್ಯವಸ್ತು ಅಲ್ಲ ಅಂತ ಒಂದು ಸಾಲು ಹಾಕ್ರಿ, ಪ್ರಿಂಟಿನ ಕೆಳಗ ಪೆನ್ಸಿಲ್‌ನಾಗ ಸೈನ್, ಇಸವಿ ಇರಲಿ. ಚಿತ್ರಕ್ಕ ಚಾ ಕಲೆ ಹಾಕಿ ಹಳೇದಂಗ ಕಾಣೋ ಹಂಗ ಮಾಡಿ ಮಾರೋರು ಅದಾರ, ಅಂಥಾದ್ದು ಕಳಿಸೋ ಮೊದಲ ಪುರಾತತ್ವ ಇಲಾಖೆಯಿಂದ ಪ್ರಾಚ್ಯವಸ್ತು ಅಲ್ಲ ಅನ್ನೋ ಸರ್ಟಿಫಿಕೇಟ್ ತಗೊಳ್ಳೋದ ಚೊಲೋ. ಮತ್ತ ಅಜ್ಜಿ ಮನಿ ದೇವರ ಕೋಣ್ಯಾಗಿನ ರವಿವರ್ಮ ಪ್ರೆಸ್ಸಿನ ಲಕ್ಷ್ಮಿ, ಸರಸ್ವತಿ ಫೋಟೋ ಕಳಿಸಾಕ ಬರತೈತೇನು ಅಂತ ಮಂದಿ ಕೇಳ್ತಾರ. ಆ ಪ್ರೆಸ್ ಶುರು ಆಗಿದ್ದು 1894ರಾಗ, ನಿಮ್ಮ ಹತ್ರ ಇರೋದು 100 ವರ್ಷ ದಾಟಿರಬಹುದು, ಅದನ್ನ ಗೋಡೆ ಮ್ಯಾಲೆ ಇರಾಕ ಬಿಡ್ರಿ.

ಪ್ಯಾಕಿಂಗ್

ಪ್ಯಾಕಿಂಗ್‌ಗಿಂತ ಮುಂಚೆ ಇಂಕು ಒಣಗೈತೋ ಇಲ್ಲೋ ನೋಡ್ರಿ. ಆಯಿಲ್ ಇಂಕ್ ಹಚ್ಚಿದ ಲಿನೋಕಟ್ ಬ್ಯಾಸಿಗ್ಯಾಗ ಒಂದು ವಾರಕ್ಕ ಒಣಗಿದ್ರ ಮಳೆಗಾಲದಾಗ, ಅದೂ ನಮ್ಮ ಗಂಗಾವತಿ ಸುತ್ತ ಗದ್ದಿ ತುಂಬ ನೀರು ನಿಂತಿರೋ ದಿನದಾಗ, ಎರಡು ವಾರಾದ್ರೂ ಕೈಗೆ ಹತ್ತತೈತಿ. ಕಪ್ಪು ದಟ್ಟಾಗಿರೋ ಜಾಗದ ಮ್ಯಾಲೆ ಟಿಶ್ಯೂ ತುಂಡು ಇಟ್ಟು ಹೆಬ್ಬೆಟ್ಟಿಲೆ ಒತ್ತಿ ತೆಗೀರಿ, ಟಿಶ್ಯೂಗೆ ಮಸಿ ಹತ್ತಿದ್ರ ಇನ್ನೂ ನಾಕು ದಿನ ಬಿಡ್ರಿ. ಗಿರಾಕಿ ಅವಸರ ಮಾಡಿದ್ರೂ ಬಿಡ್ರಿ.

ಎ4, ಎ3 ಸೈಜ್ ಆದ್ರ ಸುತ್ತಬ್ಯಾಡ್ರಿ, ಫ್ಲಾಟ್ ಕಳಿಸ್ರಿ. ಪ್ರಿಂಟ್ ಮ್ಯಾಲೆ ಗ್ಲಾಸಿನ್ ಪೇಪರ್ (ತೆಳುವಾದ, ನುಣುಪು ಕಾಗದ), ಅದನ್ನ ಆಸಿಡ್ ಇಲ್ಲದ ರಟ್ಟಿಗೆ ನಾಕು ಮೂಲಿಗೂ ಕಾಗದದ ಕಿಸೆ ಮಾಡಿ ಸಿಗಿಸೋದು, ಪ್ರಿಂಟಿಗೆ ಟೇಪ್ ಎಂದೂ ಹಚ್ಚಬಾರದು. ಆಮ್ಯಾಲೆ ಪ್ಲಾಸ್ಟಿಕ್ ಕವರ್, ಅದರ ಎರಡೂ ಕಡೆ ಕರುಗೇಟೆಡ್ ಶೀಟು, ಒಂದರ ಗೆರೆ ಉದ್ದಕ್ಕ ಇದ್ರ ಇನ್ನೊಂದರದು ಅಡ್ಡ ಇರಬೇಕು, ಹಂಗಿದ್ರ ಬಾಗಂಗಿಲ್ಲ. ಶೀಟು ಪ್ರಿಂಟಿಗಿಂತ ಎಲ್ಲಾ ಕಡೆ ಎರಡು ಇಂಚು ದೊಡ್ಡದಿರಲಿ, ಯಾಕಂದ್ರ ಪೆಟ್ಟು ಬೀಳೋದು ಮೂಲಿಗೇ.

ದೊಡ್ಡ ಪ್ರಿಂಟಿಗೆ ಟ್ಯೂಬು. ಅಂಗಡ್ಯಾಗ ಸಿಗೋ ಎರಡು ಇಂಚಿನ ತೆಳು ಟ್ಯೂಬು ಬ್ಯಾಡ, ಬೆರಳಿಲೆ ಒತ್ತಿದ್ರ ತಗ್ಗು ಬೀಳತಾವ, 300 ಜಿಎಸ್‌ಎಂನ ದಪ್ಪ ಪೇಪರ್ ಅಷ್ಟು ಸಣ್ಣ ಸುತ್ತಿಗೆ ಬಾಗಿದ್ರ ಮತ್ತ ನೆಟ್ಟಗಾಗಾಕ ಒಪ್ಪಂಗಿಲ್ಲ. ಫ್ಲೆಕ್ಸ್ ಪ್ರಿಂಟ್ ಮಾಡೋ ಅಂಗಡಿಗೆ ಹೋಗ್ರಿ, ಫ್ಲೆಕ್ಸ್ ರೋಲ್ ಮುಗಿದ ಮ್ಯಾಲೆ ಉಳಿಯೋ ರಟ್ಟಿನ ಪೈಪು ಮೂರು ಇಂಚಿಂದು, ಗಟ್ಟಿ ಅಂದ್ರ ಗಟ್ಟಿ, ಮ್ಯಾಲೆ ನಿಂತ್ರೂ ಒಡೆಯಂಗಿಲ್ಲ, ಎಷ್ಟೋ ಕಡೆ ಸುಮ್ಮನ ಬಿದ್ದಿರ್ತಾವ, ಕೇಳಿದ್ರ ಕೊಡ್ತಾರ. ಹ್ಯಾಕ್ಸಾ ಬ್ಲೇಡಿಲೆ ಕೊಯ್ದು, ತುದಿಗೆ ಸ್ಯಾಂಡ್‌ಪೇಪರ್ ಹೊಡೆದು, ಒಳಗಿನ ಧೂಳು ಒದ್ದಿ ಬಟ್ಟೆಲೆ ಒರೆಸಿ ಒಂದು ದಿನ ಬಿಸಿಲಿಗೆ ಇಡ್ರಿ. ತೂಕ ಸ್ವಲ್ಪ ಜಾಸ್ತಿ, ಅದೊಂದೇ ತೊಂದ್ರಿ.

ನಾನು ಮಾಡೋದು ಹಿಂಗ: ಪ್ರಿಂಟ್ ಮ್ಯಾಲೆ ಗ್ಲಾಸಿನ್ ಹಾಸಿ, ಆ ಮೂರು ಇಂಚಿನ ಪೈಪಿನ ಹೊರಗಡೆಗೆ ಸಡಿಲಾಗಿ ಸುತ್ತಿ, ಮ್ಯಾಲೆ ಇನ್ನೊಂದು ಸುತ್ತು ಗ್ಲಾಸಿನ್, ಅದರ ಮ್ಯಾಲೆ ಪ್ಲಾಸ್ಟಿಕ್, ಇಷ್ಟನ್ನೂ ನಾಕು ಇಂಚಿನ ಹೊರ ಟ್ಯೂಬಿನಾಗ ಇಳಿಸ್ತೀನಿ. ಸುತ್ತೋವಾಗ ನಮ್ಮತ್ತಿ ಎದುರಿಗೆ ಕುಂತು ಎರಡೂ ಅಂಗೈಲೆ ಕಾಗದದ ಅಂಚು ಹಿಡಿದಿರ್ತಾರ, ಒಬ್ಬರೇ ಸುತ್ತಾಕ ಹೋದ್ರ ಒಂದು ತುದಿ ಓರೆ ಆಗಿ ಅಂಚು ಮುಂದ ಬರತೈತಿ, ಆ ಮುಂದ ಬಂದ ಅಂಚೇ ಮುಚ್ಚಳಕ್ಕ ತಾಗಿ ಚಂದ್ರನ ಆಕಾರದ ಬಿಳೀ ಮಡಿಕಿ ಬೀಳತೈತಿ, ಅದನ್ನ ತೆಗಿಯಾಕ ಯಾರ ಕಡೆಯಿಂದಾನೂ ಆಗಂಗಿಲ್ಲ. ಪ್ರಿಂಟಿಗಿಂತ ಪೈಪು ಎರಡೂ ಕಡೆ ಒಂದೊಂದು ಇಂಚು ಉದ್ದ ಇರಲಿ, ಮುಚ್ಚಳಕ್ಕ ಸುತ್ತ ಟೇಪು. ಮಳೆಗಾಲದಾಗ ಒಂದು ಸಿಲಿಕಾ ಜೆಲ್ ಪುಡಿಕೆ ಒಳಗ ಹಾಕ್ರಿ.

ಫ್ರೇಮ್ ಹಾಕಿ ಕಳಿಸಬ್ಯಾಡ್ರಿ. ಗಾಜು ಒಡೆದು ಪ್ರಿಂಟ್ ಹರಿತೈತಿ, ತೂಕ ಬ್ಯಾರೆ. ಕಟ್ಟಿಗಿ ಪೆಟ್ಟಿಗಿ ಮಾಡಿಸಿದ್ರ ಆ ಕಟ್ಟಿಗಿ ಐಎಸ್‌ಪಿಎಂ 15 (ಕಟ್ಟಿಗಿ ಜೋಡಿ ಹುಳ ಹೋಗಬಾರದಂತ ಇರೋ ಅಂತರರಾಷ್ಟ್ರೀಯ ನಿಯಮ) ಪ್ರಕಾರ ಹೀಟ್ ಟ್ರೀಟ್ ಆಗಿ ಅದರ ಸೀಲ್ ಇರಬೇಕು, ನಮ್ಮ ಬಡಿಗ್ಯಾರ ಹತ್ರ ಮಾಡಿಸಿದ ಪೆಟ್ಟಿಗಿಗೆ ಆ ಸೀಲ್ ಇರಂಗಿಲ್ಲ, ಪ್ಲೈವುಡ್ ಆದ್ರ ಆ ನಿಯಮ ಇಲ್ಲ. ಮತ್ತ ಮಾವಿನಕಾಯಿ ಕಳಿಸಿದಂಗ ಭತ್ತದ ಹುಲ್ಲು, ಹೊಟ್ಟು ತುಂಬಿ ಕಳಿಸಬ್ಯಾಡ್ರಿ, ನಮ್ಮಲ್ಲಿ ರಾಶಿಗಟ್ಲೆ ಸಿಗತೈತಿ ಖರೆ, ಆದ್ರ ಹೊರದೇಶದಾಗ ಅದು ಬೆಳೆ ರೋಗ ತರೋ ವಸ್ತು, ಹುಲ್ಲಿನ ಸಲುವಾಗಿ ಪಾರ್ಸಲ್ಲೇ ಸುಟ್ಟು ಹಾಕಬಹುದು.

ಪೋಸ್ಟೋ ಕೊರಿಯರ್ರೋ

ಎರಡೂ ನಾನು ಮಾಡ್ತೀನಿ. ಬೆಲೆ ಕಡಿಮಿ ಇರೋ ಪ್ರಿಂಟಿಗೆ ಪೋಸ್ಟು, ಜಾಸ್ತಿ ಬೆಲೆದಕ್ಕ ಕೊರಿಯರ್. ಅಂಚೆ ಇಲಾಖೆಯವ್ರು 2022ರಿಂದ ಡಾಕ್ ಘರ್ ನಿರ್ಯಾತ ಕೇಂದ್ರ ಅಂತ ಮಾಡ್ಯಾರ, ಅದರ ಪೋರ್ಟಲ್‌ನಾಗ ನೀವೇ ಪೋಸ್ಟಲ್ ಬಿಲ್ ಆಫ್ ಎಕ್ಸ್‌ಪೋರ್ಟ್ ತುಂಬಿ ಲೇಬಲ್ ಪ್ರಿಂಟ್ ತಗೊಂಡು ಪೋಸ್ಟ್ ಆಫೀಸಿಗೆ ಒಯ್ದು ಕೊಡಬಹುದು, ನಿಮ್ಮ ಊರಿಗೆ ಹತ್ರ ಯಾವ ಆಫೀಸಿನಾಗ ಐತಿ ಅಂತ ಹೆಡ್ ಪೋಸ್ಟ್ ಆಫೀಸ್‌ನಾಗ ವಿಚಾರಿಸ್ರಿ. ಟ್ರ್ಯಾಕಿಂಗ್ ಇಲ್ಲದ ಸಾದಾ ಪ್ಯಾಕೆಟ್ ಬ್ಯಾಡ, ಟ್ರ್ಯಾಕಿಂಗ್ ಇರೋದೇ ತಗೊಳ್ರಿ. ಪೋಸ್ಟಿನ ಸಣ್ಣ ಪ್ಯಾಕೆಟ್ಟಿಗೆ ಟ್ಯೂಬಿನ ಅಳತಿ ಮಿತಿ ಐತಿ: ಉದ್ದ 90 ಸೆಂಟಿಮೀಟರ್ ದಾಟಬಾರದು, ಉದ್ದಕ್ಕ ವ್ಯಾಸದ ಎರಡು ಪಟ್ಟು ಕೂಡಿಸಿದ್ರ 104 ದಾಟಬಾರದು. 65 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ದಪ್ಪದ ಟ್ಯೂಬು 85 ಆಗತೈತಿ, ನಡೀತದ.

ಕೊರಿಯರ್‌ನವ್ರು ತೂಕದ ಜೋಡಿ ಜಾಗಾನೂ ಲೆಕ್ಕ ಹಾಕ್ತಾರ. ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಾಗ ಗುಣಿಸಿ 5000ದಿಂದ ಭಾಗಿಸಬೇಕು. ಅದೇ ಟ್ಯೂಬು 65 ಗುಣಿಸು 10 ಗುಣಿಸು 10 ಅಂದ್ರ 6500, ಭಾಗಿಸಿದ್ರ 1.3 ಕೆಜಿ. ತಕ್ಕಡ್ಯಾಗ 800 ಗ್ರಾಂ ಬಂದ್ರೂ ಬಿಲ್ಲು 1.3ರ ಮ್ಯಾಲಿನ ಸ್ಲ್ಯಾಬಿಗೆ. ಗಿರಾಕಿಗೆ ರೇಟ್ ಹೇಳೋ ಮೊದಲ ಈ ಲೆಕ್ಕ ಹಾಕ್ರಿ.

ಕೊರಿಯರ್‌ನಾಗ ಕಳಿಸೋವಾಗ ಒಂದು ಪ್ರಶ್ನೆ ಬಾಯಿ ಬಿಟ್ಟು ಕೇಳ್ರಿ: "ಅಣ್ಣಾರ, ಇದನ್ನ ಸಿಎಸ್‌ಬಿ 4ರಾಗ ಹಾಕ್ತೀರೋ 5ರಾಗೋ?" ಸಿಎಸ್‌ಬಿ ಅಂದ್ರ ಕೊರಿಯರ್ ಶಿಪ್ಪಿಂಗ್ ಬಿಲ್, ಕೊರಿಯರ್‌ನವ್ರು ಕಸ್ಟಮ್ಸ್‌ಗೆ ಕೊಡೋ ಕಾಗದ. ನಾಕು ಅಂದ್ರ ಗಿಫ್ಟು, ಸ್ಯಾಂಪಲ್. ಐದು ಅಂದ್ರ ಖರೇ ಎಕ್ಸ್‌ಪೋರ್ಟ್, ಅದಕ್ಕ ಐಇಸಿ, ಬ್ಯಾಂಕಿನ ಎಡಿ ಕೋಡ್ (ಹೊರದೇಶದ ರೊಕ್ಕದ ವ್ಯವಹಾರಕ್ಕ ಬ್ಯಾಂಕಿಗಿರೋ ನಂಬರ್) ಎಲ್ಲಾ ಕೇಳ್ತಾರ. ಸಣ್ಣ ಏಜೆಂಟ್‌ಗಳು ಕೆಲಸ ಹಗುರ ಆಗ್ಲಿ ಅಂತ ನಾಕರಾಗ ಹಾಕ್ತಾರ. ಮಾರಿದ ಮಾಲು ಐದರಾಗೇ ಹೋಗಬೇಕು, ಇಲ್ಲಂದ್ರ ನಿಮ್ಮ ಬ್ಯಾಂಕಿಗೆ ಬಂದ ರೊಕ್ಕಕ್ಕ ಹೊರಗ ಹೋದ ಮಾಲಿನ ದಾಖಲೆನೇ ಇರಂಗಿಲ್ಲ.

ಡಿಕ್ಲರೇಷನ್ ತುಂಬೋದು

ಪೋಸ್ಟಿನಾಗ 300 ಎಸ್‌ಡಿಆರ್ ಬೆಲೆ ತನಕ ಸಿಎನ್ 22 ಅನ್ನೋ ಕಸ್ಟಮ್ಸ್ ಫಾರ್ಮ್, ಮ್ಯಾಲಿನದಕ್ಕ ಸಿಎನ್ 23. ಎಸ್‌ಡಿಆರ್ ಅಂದ್ರ ಐಎಂಎಫ್‌ನ ಲೆಕ್ಕದ ನಾಣ್ಯ, ಒಂದು ಎಸ್‌ಡಿಆರ್ ಒಂದು ಡಾಲರ್‌ಗಿಂತ ಸ್ವಲ್ಪ ಜಾಸ್ತಿ. ವಿವರದ ಜಾಗದಾಗ ಬರೇ ಆರ್ಟ್, ಪೇಪರ್ ಅಂತ ಬರೆದ್ರ ಈಗ ನಿಲ್ಲಿಸ್ತಾರ, ಪಾರ್ಸಲ್ ಹೋಗೋಕಿಂತ ಮುಂಚೆನೇ ಡೇಟಾ ಕಂಪ್ಯೂಟರ್‌ನಾಗ ಅಲ್ಲಿಗೆ ಹೋಗಿರತೈತಿ. ಕಾಗದದ ಮ್ಯಾಲೆ ಕೈಲೆ ತೆಗೆದ ಲಿನೋಕಟ್ ಪ್ರಿಂಟ್, ಫ್ರೇಮ್ ಇಲ್ಲ, ಕಲಾವಿದೆ ಸಹಿ ಐತಿ, ಎಡಿಷನ್ 30ರಾಗ 7, ಇಸವಿ, ಎಚ್‌ಎಸ್ ಕೋಡ್, ತಯಾರಾದ ದೇಶ ಭಾರತ, ಇಷ್ಟನ್ನೂ ಇಂಗ್ಲಿಷ್‌ನಾಗ ಬರೀರಿ. ಬೆಲೆ ಗಿರಾಕಿ ಕೊಟ್ಟಷ್ಟೇ. ಗಿರಾಕಿ ಫೋನು, ಇಮೇಲ್ ತಪ್ಪದ ಹಾಕ್ರಿ. ಇನ್‌ವಾಯ್ಸ್ ಮೂರು ಪ್ರತಿ ಹೊರಗಿನ ಕಿಸೆದಾಗ, ಒಂದು ಟ್ಯೂಬಿನ ಒಳಗ.

ಅಲ್ಲಿಯ ಟ್ಯಾಕ್ಸ್ ಯಾರು ಕಟ್ಟೋದು ಅಂತ ಆರ್ಡರ್ ತಗೊಳ್ಳೋವಾಗಲೇ ಮಾತಾಡ್ರಿ. ಡಿಎಪಿ ಅಂದ್ರ ಗಿರಾಕಿ ಕಟ್ಟೋದು, ಡಿಡಿಪಿ ಅಂದ್ರ ನಾವು ಕಟ್ಟೋದು. ಯುರೋಪ್‌ನಾಗ 2021ರ ಜುಲೈ 1ರಿಂದ 22 ಯೂರೋ ವಿನಾಯಿತಿ ತೆಗೆದಾರ, ಎಷ್ಟೇ ಸಣ್ಣ ಬೆಲೆ ಇದ್ರೂ ವ್ಯಾಟ್ ಐತಿ. ಇಂಗ್ಲೆಂಡ್‌ನಾಗ 135 ಪೌಂಡ್ ತನಕದ ಮಾಲಿಗೆ ವ್ಯಾಟ್ ಮಾರಾಟದ ಹೊತ್ತಿಗೇ ವಸೂಲು ಆಗಬೇಕು, ದೊಡ್ಡ ಆನ್‌ಲೈನ್ ಮಾರ್ಕೆಟ್ ಮೂಲಕ ಮಾರಿದ್ರ ಅವ್ರೇ ಹಿಡ್ಕೊಂಡು ಕಟ್ತಾರ, ಹಂಗಾಗಿ ಇಂಗ್ಲೆಂಡಿನ ಸಣ್ಣ ಆರ್ಡರ್ ನಾನು ಅಲ್ಲಿಂದಾನೇ ತಗೊಳ್ತೀನಿ. ಆಸ್ಟ್ರೇಲಿಯಾದಾಗ 1000 ಆಸ್ಟ್ರೇಲಿಯನ್ ಡಾಲರ್ ಒಳಗಿದ್ರ ಬಾರ್ಡರ್‌ನಾಗ ಡ್ಯೂಟಿ ಕೇಳಂಗಿಲ್ಲ. ಅಮೆರಿಕಕ್ಕ 800 ಡಾಲರ್ ತನಕ ಇದ್ದ ವಿನಾಯಿತಿ 2025ರ ಆಗಸ್ಟ್ 29ಕ್ಕ ಎಲ್ಲಾ ದೇಶದ ಮಾಲಿಗೂ ನಿಂತುಹೋತು, ಆಗ ಕೆಲವು ವಾರ ನಮ್ಮ ಅಂಚೆಯವ್ರು ಅಲ್ಲಿಗೆ ಪಾರ್ಸಲ್ ತಗೊಳ್ಳೋದನ್ನೇ ನಿಲ್ಲಿಸಿ ಅಕ್ಟೋಬರ್‌ನಾಗ ಮತ್ತ ಶುರು ಮಾಡಿದ್ರು. ಅಮೆರಿಕದ ಆರ್ಡರ್ ಬಂದ್ರ ಕಳಿಸೋ ವಾರದಾಗ ಮತ್ತೊಮ್ಮೆ ವಿಚಾರಿಸ್ರಿ, ಹೋದ ತಿಂಗಳ ಲೆಕ್ಕ ನಂಬಬ್ಯಾಡ್ರಿ.

ಇನ್ಶೂರೆನ್ಸ್

ಕೊರಿಯರ್‌ನಾಗ ಕಳಿಸಿದ್ರ ತಾನೇ ಇನ್ಶೂರ್ ಆಗಿರತೈತಿ ಅಂತ ಭಾಳ ಮಂದಿ ತಿಳ್ಕೊಂಡಾರ. ಇಲ್ಲ. ವಿಮಾನದಾಗ ಹೋಗೋ ಸರಕಿಗೆ ಮಾಂಟ್ರಿಯಲ್ ಒಪ್ಪಂದ ಅಂತ ಐತಿ, ಅದರ ಪ್ರಕಾರ ಕಳೆದ್ರೂ ಕೆಟ್ರೂ ಜವಾಬ್ದಾರಿ ಕೆಜಿಗೆ 26 ಎಸ್‌ಡಿಆರ್ ಅಷ್ಟ, 2024ರ ಡಿಸೆಂಬರ್ 28ಕ್ಕಿಂತ ಮೊದಲ 22 ಇತ್ತು. ನಮ್ಮ 800 ಗ್ರಾಂ ಟ್ಯೂಬಿಗೆ ಹಾಕಿ ನೋಡ್ರಿ, 21 ಎಸ್‌ಡಿಆರ್ ಕೂಡ ಮುಟ್ಟಂಗಿಲ್ಲ, ಅಂದ್ರ 30 ಡಾಲರ್ ಒಳಗ. ತೂಕದ ಮ್ಯಾಲೆ ಕಟ್ಟೋ ಪರಿಹಾರ ಕಬ್ಬಿಣಕ್ಕ ಸರಿ, ಕಾಗದದ ಕಲಾಕೃತಿಗೆ ಅಲ್ಲ. ಪೋಸ್ಟಿಗೆ ಬ್ಯಾರೆ ನಿಯಮ, ಅಲ್ಲೂ ಪರಿಹಾರಕ್ಕ ಮಿತಿ ಐತಿ.

ಡಿಕ್ಲೇರ್ಡ್ ವ್ಯಾಲ್ಯೂಗೆ ಅಂತ ಕೊರಿಯರ್‌ನವ್ರು ಎಕ್ಸ್‌ಟ್ರಾ ರೊಕ್ಕ ತಗೊಳ್ತಾರಲ್ಲ, ಅದು ಅವ್ರ ಜವಾಬ್ದಾರಿಯ ಮಿತಿ ಏರಿಸೋದು ಅಷ್ಟ, ಇನ್ಶೂರೆನ್ಸ್ ಅಲ್ಲ, ಕಲಾಕೃತಿಗೆ ಅಂತನ ಬ್ಯಾರೆ ಕಡಿಮಿ ಮಿತಿ ಇಟ್ಟವ್ರೂ ಅದಾರ. ಅವ್ರ ಷರತ್ತಿನ ಕಾಗದದಾಗ ಕಲಾಕೃತಿ ಅನ್ನೋ ಶಬ್ದ ಹುಡುಕಿ ಆ ಪ್ಯಾರಾ ಓದ್ರಿ.

ಖರೇ ಕವರ್ ಬೇಕಂದ್ರ ಇನ್ಶೂರೆನ್ಸ್ ಕಂಪನಿ ಹತ್ರ ಮರೀನ್ ಕಾರ್ಗೋ ಪಾಲಿಸಿ, ಹಡಗಿನ ಹೆಸರಿದ್ರೂ ವಿಮಾನಕ್ಕೂ ಅದೇ. ಒಂದೇ ಪಾರ್ಸಲ್‌ಗೆ ಸಿಂಗಲ್ ಟ್ರಾನ್ಸಿಟ್, ವರ್ಷ ತುಂಬ ಕಳಿಸೋರಿಗೆ ಓಪನ್ ಪಾಲಿಸಿ. ಗಂಗಾವತಿ, ಕೊಪ್ಪಳದಾಗ ಅಕ್ಕಿ ಗಿರಣಿಯವರಿಗೆ ಪಾಲಿಸಿ ಮಾಡಿಕೊಡೋ ಏಜೆಂಟರು ಇದ್ದೇ ಇರ್ತಾರ, ಅವ್ರಿಗೆ ಟ್ರಾನ್ಸಿಟ್ ಪಾಲಿಸಿ ಗೊತ್ತಿರತೈತಿ, ಅಲ್ಲಿಂದ ಶುರು ಮಾಡ್ರಿ. ಕೇಳಬೇಕಾದ್ದು ಆಲ್ ರಿಸ್ಕ್, ಅಂದ್ರ ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಜಸ್ ಅನ್ನೋ ಷರತ್ತಿನ ಎ ವರ್ಗ ಅಥವಾ ವಿಮಾನದ್ದೇ ಏರ್ ಕ್ಲಾಜಸ್. ಬಿ, ಸಿ ವರ್ಗದಾಗ ಬೆಂಕಿ, ವಾಹನ ಬಿದ್ದದ್ದು ಇಂಥಾ ದೊಡ್ಡ ಅಪಘಾತ ಅಷ್ಟ ಬರ್ತಾವ, ಕಳುವು, ಮಡಿಕಿ ಬೀಳೋದು ಬರಂಗಿಲ್ಲ. ಮೊತ್ತ ರೂಢಿಯಂಗ ಮಾಲಿನ ಬೆಲೆಗೆ ಸಾಗಾಣಿಕಿ, ಪ್ರೀಮಿಯಂ ಕೂಡಿಸಿ, ಮ್ಯಾಲೆ 10 ಪರ್ಸೆಂಟ್ ಇಡ್ತಾರ. 14,000ದ ಪ್ರಿಂಟು, 3,000 ಕೊರಿಯರ್ ಅಂದ್ರ 17,000, ಅದಕ್ಕ 1,700 ಸೇರಿ 18,700, ಮ್ಯಾಲೆ ಪ್ರೀಮಿಯಂ ಚೂರು.

ಎ ವರ್ಗದಾಗೂ ಬಿಟ್ಟುಹೋಗೋವು ಅದಾವ: ಪ್ಯಾಕಿಂಗ್ ಸಾಲದ್ದಾದ್ರ ಇಲ್ಲ, ತಡ ಆಗಿದ್ದಕ್ಕ ಇಲ್ಲ, ಮಾಲಿನ ಸ್ವಭಾವದಿಂದಾನೇ ಕೆಟ್ರ ಇಲ್ಲ. ಇಂಕ್ ಹಸಿ ಇದ್ದು ಗ್ಲಾಸಿನ್‌ಗೆ ಅಂಟಿದ್ರ ಅದು ನಿಮ್ಮ ತಪ್ಪು ಅಂತಾರ. ಅದಕ್ಕ ನಾನು ಪ್ಯಾಕ್ ಮಾಡೋವಾಗ ಆರು ಫೋಟೋ ತೆಗೀತೀನಿ: ಪ್ರಿಂಟ್ ಪೂರ್ತಿ, ಸೈನ್ ಮತ್ತ ನಂಬರ್ ಹತ್ರದಿಂದ, ಗ್ಲಾಸಿನ್ ಹಾಸಿದ್ದು, ಒಳ ಪೈಪಿಗೆ ಸುತ್ತಿದ್ದು, ಮುಚ್ಚಳ ಹಾಕೋ ಮುಂಚೆ ತುದಿ, ಆಮ್ಯಾಲೆ ಲೇಬಲ್ ಹಚ್ಚಿ ತಕ್ಕಡಿ ಮ್ಯಾಲೆ ಇಟ್ಟದ್ದು.

ಗಿರಾಕಿಗೆ ಕಳಿಸೋ ದಿನಾನೇ ಮೆಸೇಜ್ ಹಾಕ್ತೀನಿ, ಟ್ಯೂಬು ಕೈಗೆ ಬಂದ ಕೂಡಲೇ ಬಿಚ್ಚೋ ಮೊದಲ ನಾಕೂ ಕಡೆಯಿಂದ ಫೋಟೋ ತೆಗೀರಿ, ಸೊಟ್ಟ ಆಗಿದ್ರ ಡೆಲಿವರಿ ಕಾಗದದ ಮ್ಯಾಲೆ ಬರೆದೇ ಸೈನ್ ಮಾಡ್ರಿ, ಟ್ಯೂಬು ಎಸೀಬ್ಯಾಡ್ರಿ ಅಂತ. ಮಾಂಟ್ರಿಯಲ್ ಒಪ್ಪಂದದಂಗ ಸರಕು ಕೆಟ್ಟಿದ್ರ ಕೈಗೆ ಸಿಕ್ಕ 14 ದಿನದ ಒಳಗ ಬರವಣಿಗ್ಯಾಗ ದೂರು ಹೋಗಬೇಕು, ಕೊರಿಯರ್‌ನವ್ರ ಷರತ್ತು, ಪಾಲಿಸಿ ಷರತ್ತು ಅದಕ್ಕಿಂತ ಕಡಿಮಿ ದಿನ ಕೇಳಬಹುದು, ಹಂಗಾಗಿ ಅದೇ ದಿನ ಇಮೇಲ್ ಹಾಕ್ರಿ, ಕೊರಿಯರ್‌ಗೂ ಇನ್ಶೂರೆನ್ಸ್‌ಗೂ ಎರಡೂ ಕಡೆ. ಇನ್‌ವಾಯ್ಸ್, ರೊಕ್ಕ ಬಂದ ದಾಖಲೆ, ಆರು ಫೋಟೋ, ಗಿರಾಕಿ ಫೋಟೋ, ಅಷ್ಟೂ ಒಂದೇ ಮೇಲ್‌ನಾಗ.

ಇನ್ನ ಪಾರ್ಸಲ್ ವಾಪಸ್ ಬರೋದೂ ಇರತೈತಿ, ಗಿರಾಕಿ ವ್ಯಾಟ್ ಕಟ್ಟಲಿಲ್ಲ, ವಿಳಾಸ ಸಿಗಲಿಲ್ಲ ಅಂತ. ಆಗ ನಮ್ಮ ಕಸ್ಟಮ್ಸ್‌ಗೆ ಅದು ಹೊರಗಿಂದ ಬಂದ ಮಾಲು, ಡ್ಯೂಟಿ ಕೇಳ್ತಾರ. ಹೋದ ಮಾಲೇ ತಿರುಗಿ ಬಂದೈತಿ ಅಂತ ತೋರಿಸಿದ್ರ ವಿನಾಯಿತಿ ಐತಿ, ಸಾಮಾನ್ಯವಾಗಿ ಮೂರು ವರ್ಷದ ಒಳಗ ಬಂದಿರಬೇಕು, ತೋರಿಸಾಕ ಬೇಕಾದ್ದು ಕಳಿಸಿದಾಗಿನ ಎಕ್ಸ್‌ಪೋರ್ಟ್ ಬಿಲ್ಲು. ಹೋದ ವರ್ಷ ನನ್ನ ಒಂದು ಟ್ಯೂಬು ಹಂಗ ತಿರುಗಿ ಬಂತು, ಬಿಲ್ಲಿನ ಪ್ರತಿ, 30ರಾಗ 7 ಅನ್ನೋ ಪೆನ್ಸಿಲ್ ನಂಬರ್ ಫೋಟೋ ಎರಡೂ ಕಳಿಸಿದೆ, ತಾಳೆ ಆತು, ಡ್ಯೂಟಿ ಕಟ್ಟಲಾರದ ಬಿಟ್ರು. ಬಿಚ್ಚಿ ನೋಡಿದ್ರ ಪ್ರಿಂಟಿಗೆ ಒಂದು ಗೆರೀನೂ ಬಿದ್ದಿರಲಿಲ್ಲ, ಎರಡು ದಿನ ದಪ್ಪ ಪುಸ್ತಕದ ಕೆಳಗ ನೆಟ್ಟಗ ಮಾಡಿ, ಹೊಸ ಗ್ಲಾಸಿನ್ ಹಾಕಿ, ಈ ಸಲ ವಿಳಾಸ ಗಿರಾಕಿ ಕಡೆಯಿಂದಾನೇ ಟೈಪ್ ಮಾಡಿಸ್ಕೊಂಡು, ಅದೇ ಟ್ಯೂಬಿನಾಗ ಮತ್ತ ಕಳಿಸಿದೆ.